ಗುಡ್ಡಕ್ಕೆ ಎಳೆದ ಗೆರೆ

ಆ ಗೆರೆ ಎಳೆದವನು ನಾನೇ. ಪಕ್ಷದ ಕಚೇರಿಯವರು ಎಳೆದರು, ಚುನಾವಣೆಗೆ ನಿಂತ ಕೋಲ್ಮನ್ ಹೇಳಿ ಎಳೆಸಿದ ಎಂದೆಲ್ಲ ಗುಡ್ಡದ ಜನ ಈಗಲೂ ಮಾತಾಡುವುದುಂಟು. ನಾನು ಎದುರಿಗಿರುವಾಗ ಇನ್ನೂ ಜೋರಾಗಿ ಹಾಗೆ ಹೇಳುತ್ತಾರೆ, ಪಾಪ. ಆದರೆ ಪೆನ್ಸಿಲ್ ನನ್ನದು, ನಕ್ಷೆ ನನ್ನದು, ಜಂಬವೂ ನನ್ನದೇ.

ಕಾರ್ಕ್ ನಗರದ ಉತ್ತರಕ್ಕಿರುವ ಈ ಗುಡ್ಡದ ಮೇಲೆ ಮೂವತ್ತೆಂಟು ವರ್ಷ ಅಂಚೆ ಹಂಚಿದವನು ನಾನು, ಡಿನ್ನಿ ಲೂಸಿ. ಯಾವ ಮನೆಯ ಮಗಳು ಬೋಸ್ಟನ್ನಿನಿಂದ ಕಾಗದ ಬರೆಯುತ್ತಾಳೆ, ಯಾವ ಮನೆಯ ಮಗ ಬರೆಯುವುದನ್ನು ನಿಲ್ಲಿಸಿದ್ದಾನೆ, ಯಾವ ನಾಯಿ ಬೊಗಳುತ್ತದೆ, ಯಾವುದು ಬೊಗಳದೆ ಕಚ್ಚುತ್ತದೆ, ಎಲ್ಲವೂ ನನಗೆ ಗೊತ್ತಿತ್ತು. ಹಾಗೆಯೇ ಓಟು ಕೂಡ. ಗಂಡ ಒಬ್ಬರಿಗೆ, ಹೆಂಡತಿ ಇನ್ನೊಬ್ಬರಿಗೆ ಹಾಕುವ ಮನೆ ಯಾವುದು, ಬಂದವರಿಗೆಲ್ಲ ಹೂಂಗುಟ್ಟಿ ಯಾರಿಗೂ ಹಾಕದ ಮನೆ ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಚುನಾವಣೆ ಬಂತೆಂದರೆ ನಮ್ಮ ಪಕ್ಷದವರು ಮೊದಲು ನನ್ನ ಬಾಗಿಲು ತಟ್ಟುತ್ತಿದ್ದರು. ಅದು ತಲೆಗೇರಿತ್ತು.

ನಮ್ಮಲ್ಲಿ ಓಟು ಎಂದರೆ ಒಬ್ಬರಿಗೆ ಗುರುತು ಹಾಕಿ ಮನೆಗೆ ಹೋಗುವುದಲ್ಲ. ಮೊದಲು ಬೇಕಾದವರ ಹೆಸರಿನ ಮುಂದೆ ಒಂದು, ಆಮೇಲಿನವರಿಗೆ ಎರಡು, ಮೂರು, ಹೀಗೆ ಬೇಕಾದಷ್ಟು ಬರೆಯಬಹುದು. ನಮ್ಮ ವಾರ್ಡಿಗೆ ಐದು ಸೀಟು. ಗೆಲುವಿಗೆ ಇಷ್ಟು ಎಂದು ಒಂದು ಕೋಟಾ ಇರುತ್ತದೆ. ಅದಕ್ಕಿಂತ ಹೆಚ್ಚು ಬಂದ ಓಟುಗಳು ಎರಡು ಬರೆಸಿಕೊಂಡವರಿಗೆ ದಾಟುತ್ತವೆ. ಯಾರಿಗೂ ಕೋಟಾ ತುಂಬದಿದ್ದರೆ ಎಲ್ಲರಿಗಿಂತ ಕೆಳಗಿರುವವರನ್ನು ಕೈಬಿಟ್ಟು, ಅವರ ಚೀಟಿಗಳನ್ನೂ ಹಾಗೆಯೇ ದಾಟಿಸುತ್ತಾರೆ. ಇಷ್ಟೇ. ಹೆಂಗಸರು, ಗಂಡಸರು, ಕುಡಿದವರು ಎಲ್ಲರಿಗೂ ಅರ್ಥವಾಗುವ ಸಂಗತಿ. ಇದರಲ್ಲಿ ಬುದ್ಧಿವಂತಿಕೆ ತೋರಿಸಲು ಹೋದವರು ಮಾತ್ರ ಕೆಡುತ್ತಾರೆ.

ನಮ್ಮ ಗುಡ್ಡದ ಕೌನ್ಸಿಲರ್ ಕಾನ್ಸೆಪ್ಟಾ ಹೆನೆಬರಿ. ಮೆಟ್ಟಿಲಬೀದಿಯ ಬುಡದಲ್ಲಿ ಅವಳದೊಂದು ಉಣ್ಣೆಯಂಗಡಿ. ಗಂಡ ಮೋಸಿ ತೀರಿಕೊಂಡ ವರ್ಷ ಯಾರೋ ಒತ್ತಾಯ ಮಾಡಿ ಚುನಾವಣೆಗೆ ನಿಲ್ಲಿಸಿದರು. ಯಾರೋ ಏನು, ನಾನೇ. ಅವಳು ಆಗ ಹಾಸಿಗೆ ಬಿಟ್ಟು ಏಳುವುದನ್ನೇ ನಿಲ್ಲಿಸಿದ್ದಳು. ಗೆದ್ದ ಮೇಲೆ ಮತ್ತೆ ಮಲಗಲು ಪುರುಸೊತ್ತೇ ಸಿಗಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ ನಾಲ್ಕು ಕುರ್ಚಿ ಸಾಲಾಗಿ ಹಾಕುತ್ತಿದ್ದಳು. ಗೋಡೆ ಒಸರುತ್ತಿದೆ ಎನ್ನುವವರು, ಬೀದಿದೀಪ ಹೋಗಿದೆ ಎನ್ನುವವರು, ಮಗಳಿಗೆ ಕೌನ್ಸಿಲ್ ಮನೆ ಸಿಕ್ಕಿಲ್ಲ ಎನ್ನುವವರು ಬಂದು ಕೂರುತ್ತಿದ್ದರು. ಅವಳು ಸ್ವೆಟರ್ ಹೆಣೆಯುತ್ತಲೇ ಕೇಳಿಸಿಕೊಂಡು, ಸೋಮವಾರ ಯಾರನ್ನು ಹಿಡಿದು ಬೈಯಬೇಕೆಂದು ಲೆಕ್ಕ ಹಾಕುತ್ತಿದ್ದಳು. ಆ ನಾಲ್ಕು ಕುರ್ಚಿಗಳಿಂದಲೇ ಅವಳು ಬದುಕಿಕೊಂಡಳು ಎಂದರೆ ತಪ್ಪಲ್ಲ.

ಹಿಂದಿನ ಸಲ ಅವಳಿಗೆ ಸಾವಿರದ ಏಳುನೂರ ತೊಂಬತ್ತು ಬಂದಿದ್ದವು. ಗೆಲುವಿಗೆ ಸಾವಿರದ ನಾನೂರು ಸಾಕಿತ್ತು. ಹೆಚ್ಚಾದ ಮುನ್ನೂರ ತೊಂಬತ್ತು ಓಟು ನಮ್ಮ ಪಕ್ಷದ ಇನ್ನೊಬ್ಬರಿಲ್ಲದೆ ಅವರಿವರ ಪಾಲಾದವು. ಅದು ನನ್ನ ಗಂಟಲಲ್ಲಿ ಮೀನಿನ ಮುಳ್ಳಾಗಿ ಸಿಕ್ಕಿಕೊಂಡಿತ್ತು. ಆರು ವರ್ಷ ಅದನ್ನೇ ಯೋಚಿಸಿದೆ. ತೊಂಬತ್ತೊಂದರ ಚುನಾವಣೆ ಬರುವ ಹೊತ್ತಿಗೆ ಗುಡ್ಡದ ಹಿಂದೆ ಇನ್ನೂರು ಹೊಸ ಮನೆಗಳೆದ್ದಿದ್ದವು. ಇಬ್ಬರನ್ನು ನಿಲ್ಲಿಸಿ, ಓಟನ್ನು ಸರಿಯಾಗಿ ಎರಡು ಪಾಲು ಮಾಡಿದರೆ ಎರಡು ಸೀಟು ನಮ್ಮವು ಎಂದು ಪಕ್ಷದ ಕಚೇರಿಗೆ ಹೋಗಿ ಹೇಳಿದವನು ನಾನು. ಅವರು ಕೋಲ್ಮನ್ ಟೂಮಿಯನ್ನು ಕೊಟ್ಟರು. ಮೂವತ್ತು ವರ್ಷದ ಹುಡುಗ, ಮನೆ ಮಾರಿಸಿಕೊಡುವ ಕೆಲಸ, ಒಳ್ಳೆಯ ಕೋಟು. ಅವನನ್ನು ಬೈಯೋಣವೆಂದರೆ ಬೈಯಲು ಏನೂ ಸಿಗುವುದಿಲ್ಲ. ಅಷ್ಟು ಒಳ್ಳೆಯವನು.

ಏಪ್ರಿಲ್ ತಿಂಗಳ ಒಂದು ಸಂಜೆ ಉಣ್ಣೆಯಂಗಡಿಯ ಹಲಗೆಯ ಮೇಲೆ ನಕ್ಷೆ ಹರಡಿದೆ. ಚರ್ಚಿನಿಂದ ಶುರುಮಾಡಿ, ಹಳೆಯ ಚರ್ಮದ ಕಾರ್ಖಾನೆಯ ಗೋಡೆಯುದ್ದಕ್ಕೂ ಹಾದು, ಮೆಟ್ಟಿಲಬೀದಿಯ ನಡುಭಾಗಕ್ಕೆ ಬರುವ ಹಾಗೆ ಗೆರೆ ಎಳೆದೆ.

"ಗೆರೆಯಿಂದ ಮೇಲಿರೋರು ನಿನಗೆ ಒಂದು ಹಾಕ್ತಾರೆ, ಕೋಲ್ಮನ್‌ಗೆ ಎರಡು. ಕೆಳಗಿರೋರು ಕೋಲ್ಮನ್‌ಗೆ ಒಂದು, ನಿನಗೆ ಎರಡು. ಇಬ್ರೂ ಸಮಸಮ ಬರ್ಬೇಕು ಕಾನ್ಸೆಪ್ಟಾ. ಸಮ ಬಂದ್ರೆ ಇಬ್ರೂ ಒಳಗೆ."

ಅವಳು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. "ಇದೇನೋ ಡಿನ್ನಿ, ಈ ಅಂಗಡಿ ಕೆಳಗಿದೆಯಲ್ಲೋ! ನನ್ನ ಹೊಸಿಲೇ ನನಗಿಲ್ವಾ?"

"ಕೆಳಗಡೆ ನಿನ್ನ ಓಟು ಜಾಸ್ತಿ. ಅದಕ್ಕೇ ಅವನಿಗೆ ಕೊಟ್ಟಿದ್ದು. ನಿನ್ನ ಹೊಸಿಲು ಒಂದೇ ಅಲ್ಲ, ನನ್ನ ಮನೆನೂ ಕೆಳಗೇ ಬಂತು."

"ಮೋಸಿ ಇದ್ದಿದ್ರೆ ಈ ಪೆನ್ಸಿಲ್ ಕಿತ್ಕೊಂಡು ನಿನ್ನ ಕಿವೀಲಿ ಸಿಗಿಸ್ತಿದ್ದ."

"ಮೋಸಿ ಇದ್ದಿದ್ರೆ ಲೆಕ್ಕ ಅರ್ಥ ಆಗ್ತಿತ್ತು."

ಕೋಲ್ಮನ್ ಮೂಲೆಯ ಕುರ್ಚಿಯಲ್ಲಿ ಕೂತು ಕೈ ಹೊಸೆಯುತ್ತಿದ್ದ. "ಮಿಸೆಸ್ ಹೆನೆಬರಿ, ನಿಮಗೆ ಬೇಡ ಅಂದ್ರೆ ಬೇಡ. ನನಗೆ ಹೊಸ ಮನೆಗಳ ಕಡೆಯೇ ಸಾಕು."

ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. "ಇರ್ಲಿ ಬಿಡಪ್ಪ. ಇಷ್ಟು ವರ್ಷ ಅವನು ಹೇಳಿದ್ದು ಕೇಳಿ ಕೆಟ್ಟಿಲ್ಲ. ಗೆರೆ ಅಂದ್ಮೇಲೆ ಗೆರೆ," ಎಂದಳು. ಆಮೇಲೆ ಮೆಟ್ಟಿಲಬೀದಿಗೆ ಹಿಡಿಕಂಬಿ ಹಾಕಿಸುವ ಅರ್ಜಿ ಎಲ್ಲಿಗೆ ಬಂತು ಎಂದು ಅವನಿಗೆ ವಿವರಿಸತೊಡಗಿದಳು. ಆ ನೂರ ಆರು ಮೆಟ್ಟಿಲುಗಳಲ್ಲಿ ಪ್ರತಿ ಚಳಿಗಾಲ ಯಾರಾದರೊಬ್ಬ ಮುದುಕಿ ಜಾರಿ ಸೊಂಟ ಮುರಿದುಕೊಳ್ಳುತ್ತಿದ್ದಳು. ಶರತ್ಕಾಲದೊಳಗೆ ಕಂಬಿ ಹಾಕಿಸಿಯೇ ಸೈ ಎಂದು ಅವಳು ಪಟ್ಟು ಹಿಡಿದಿದ್ದಳು.

ಮೇ, ಜೂನ್ ಎರಡು ತಿಂಗಳೂ ನಾನು ಕೆಳಗಿನ ಬೀದಿಗಳ ಬಾಗಿಲು ತಟ್ಟಿದೆ. ಅಂಚೆಯವನ ಕೈಗೆ ಬಾಗಿಲು ಬೇಗ ತೆರೆಯುತ್ತದೆ.

"ಈ ಸಲ ಕೋಲ್ಮನ್‌ಗೆ ಒಂದು ಹಾಕಮ್ಮ."

"ಅಯ್ಯೋ, ಕಾನ್ಸೆಪ್ಟಾಗೆ ಹಾಕ್ಬೇಡ ಅಂತೀಯಾ? ನಮ್ಮ ಗೋಡೆ ಒಸರೋದು ನಿಲ್ಸಿದೋಳು ಕಣೋ ಅವಳು!"

"ಅವಳಿಗೆ ಎರಡು ಹಾಕು. ಅವಳದೇನೂ ಯೋಚನೆ ಇಲ್ಲ. ಅವಳು ಗೆದ್ದ ಹಾಗೇ."

ಗೆದ್ದ ಹಾಗೇ. ಆ ಮಾತನ್ನು ಎಷ್ಟು ಬಾಗಿಲಲ್ಲಿ ಹೇಳಿದೆನೋ ದೇವರಿಗೇ ಗೊತ್ತು. ಮಾತಿಗೆ ಗೆರೆ ಗೊತ್ತಿಲ್ಲ. ಅದು ಮೆಟ್ಟಿಲು ಹತ್ತಿ ಮೇಲಿನ ಬೀದಿಗೂ ಹೋಯಿತು, ಮಾಂಸದಂಗಡಿಗೂ ಹೋಯಿತು, ಭಾನುವಾರ ಚರ್ಚಿನ ಬಾಗಿಲಿಗೂ ಹೋಯಿತು. ಅವಳು ಗೆದ್ದ ಹಾಗೇ ಎಂದಮೇಲೆ ನನ್ನ ಒಂದನ್ನು ಪಕ್ಕದ ಮನೆಯ ಹುಡುಗ ನಿಂತಿದ್ದಾನಲ್ಲ, ಅವನಿಗೆ ಹಾಕೋಣ, ಪಾಪ, ಅವನಿಗೆ ಯಾರೂ ಇಲ್ಲ ಎಂದು ಮೇಲಿನ ಬೀದಿಯವರೂ ಅಂದುಕೊಂಡರು. ಇದು ನನ್ನ ಕಿವಿಗೆ ಬಿದ್ದದ್ದು ಎಲ್ಲ ಮುಗಿದ ಮೇಲೆ.

ನನ್ನ ಹೆಂಡತಿ ನೋನಿಗೆ ಮೊದಲಿನಿಂದಲೂ ಈ ಕೆಲಸ ಹಿಡಿಸಿರಲಿಲ್ಲ. ಓಟಿನ ದಿನ ಬೆಳಿಗ್ಗೆ ಇಬ್ಬರೂ ಶಾಲೆಯ ಕಡೆ ನಡೆಯುವಾಗ ಹೇಳಿದೆ, "ನೆನಪಿದೆಯಲ್ಲ, ನಾವು ಗೆರೆಯಿಂದ ಕೆಳಗಿನೋರು."

"ನನ್ನ ಚೀಟಿಗೆ ನೀನು ಗೆರೆ ಎಳೀಬೇಡ. ಮೋಸಿ ಸತ್ತ ವರ್ಷದಿಂದ ಅವಳಿಗೆ ಒಂದು ಹಾಕ್ತಾ ಬಂದಿದೀನಿ, ಇವತ್ತೂ ಹಾಕ್ತೀನಿ."

"ಎಲ್ರೂ ಹಿಂಗೇ ಅಂದ್ರೆ ಲೆಕ್ಕ ಏನಾಗ್ಬೇಕು?"

"ಕಾನ್ಸೆಪ್ಟಾ ನನ್ನ ಸ್ನೇಹಿತೆ ಕಣೋ, ನಿನ್ನ ಲೆಕ್ಕ ಅಲ್ಲ."

ಒಳಗೆ ಹೋದೆ. ಮರದ ತಡಿಕೆಯ ಹಿಂದೆ ದಾರ ಕಟ್ಟಿದ ಪೆನ್ಸಿಲ್ ಹಿಡಿದು ನಿಂತೆ. ಕೈ ತಾನಾಗಿ ಅವಳ ಹೆಸರಿನ ಕಡೆಗೇ ಹೋಯಿತು. ಅದನ್ನು ತಡೆದೆ. ಊರಿಗೆಲ್ಲ ಬುದ್ಧಿ ಹೇಳಿ ನಾನೇ ತಪ್ಪಿದರೆ ಹೇಗೆ ಎಂದುಕೊಂಡು ಕೋಲ್ಮನ್‌ಗೆ ಒಂದು, ಅವಳಿಗೆ ಎರಡು ಬರೆದು, ಮಡಚಿ ಹಾಕಿದೆ. ಹೊರಗೆ ಬರುವಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ಮರುದಿನ ಎಣಿಕೆ. ದೊಡ್ಡ ಹಾಲಿನಲ್ಲಿ ಉದ್ದುದ್ದ ಮೇಜು, ಮೇಜಿನಾಚೆ ಎಣಿಸುವ ಗುಮಾಸ್ತರು, ಈಚೆ ಕಂಬಿಯ ಬೇಲಿ. ಬೇಲಿಗೆ ಹೊಟ್ಟೆ ಒತ್ತಿಕೊಂಡು ನಿಲ್ಲುವವರು ನಮ್ಮಂಥವರು, ಎಲ್ಲ ಪಕ್ಷಗಳ ಲೆಕ್ಕದವರು. ಡಬ್ಬಿ ತೆರೆದು ಚೀಟಿಗಳನ್ನು ಬಿಡಿಸಿ ಇಡುವಾಗಲೇ, ಅವರು ಎಣಿಸುವ ಮೊದಲೇ, ಒಂದು ಯಾರಿಗೆ ಬಿದ್ದಿದೆ ಎಂದು ನೋಡಿ ನೋಡಿ ಕಾಗದದ ಮೇಲೆ ಗೀಟು ಹಾಕುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಫಲಿತಾಂಶ ನಮ್ಮ ಜೇಬಿನಲ್ಲಿರುತ್ತದೆ. ನೋನಿ ಹಂದಿಮಾಂಸದ ಸ್ಯಾಂಡ್‌ವಿಚ್ ಕಟ್ಟಿಕೊಟ್ಟಿದ್ದಳು, ಫ್ಲಾಸ್ಕಿನಲ್ಲಿ ಚಹಾ ಇತ್ತು.

ನಮ್ಮ ಶಾಲೆಯ ಡಬ್ಬಿ ಬಂತು. ಚೀಟಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಕೋಲ್ಮನ್ ಒಂದು, ಕಾನ್ಸೆಪ್ಟಾ ಎರಡು. ಮತ್ತೆ ಕೋಲ್ಮನ್ ಒಂದು. ಗೀಟು ಹಾಕುತ್ತಿದ್ದ ನನ್ನ ಪೆನ್ಸಿಲ್ ಒಂದು ಚೀಟಿಯ ಮುಂದೆ ನಿಂತಿತು. ಹದಿಮೂರು ಹೆಸರಿಗೂ ಹದಿಮೂರು ಅಂಕಿ ಬರೆದ ಚೀಟಿ. ಅದರಲ್ಲಿ ಏಳಕ್ಕೆ ಸೊಂಟದ ಹತ್ತಿರ ಒಂದು ಅಡ್ಡಗೀಟು. ನಮ್ಮ ಗುಡ್ಡದಲ್ಲಿ ಏಳನ್ನು ಹಾಗೆ ಬರೆಯುವವಳು ಒಬ್ಬಳೇ, ಕಾನ್ಸೆಪ್ಟಾ. ಹುಡುಗಿಯಾಗಿದ್ದಾಗ ಬೆಲ್ಜಿಯಮ್ಮಿನ ಕಾನ್ವೆಂಟೊಂದರಲ್ಲಿ ಎರಡು ವರ್ಷ ಅಡಿಗೆ ಮಾಡಿಕೊಂಡಿದ್ದಳು, ಅಲ್ಲಿಂದ ತಂದ ಅಭ್ಯಾಸ. ಮೂವತ್ತೆಂಟು ವರ್ಷ ಅವಳ ಲಕೋಟೆಗಳನ್ನು ನೋಡಿದ ಕಣ್ಣು ನನ್ನದು.

ಆ ಚೀಟಿಯಲ್ಲಿ ಕೋಲ್ಮನ್‌ಗೆ ಒಂದು. ಅವಳ ಹೆಸರಿನ ಮುಂದೆ ಎರಡು.

ಆಗ ನನಗೆ ಏನನಿಸಿತು ಗೊತ್ತೇ? ನಗು ಬಂತು. ನೋಡಿದೆಯಾ, ಇಡೀ ಗುಡ್ಡ ನನ್ನ ಗೆರೆ ಪಾಲಿಸುತ್ತಿದೆ, ಸ್ವತಃ ಅವಳೂ ಪಾಲಿಸಿದ್ದಾಳೆ ಎಂದು ಹಿಗ್ಗಿದೆ. ಕೋಲ್ಮನ್ ಹೆಸರಿಗೆ ಗೀಟು ಹಾಕಿದೆ.

ಹನ್ನೊಂದು ಗಂಟೆಗೆಲ್ಲ ಹಿಗ್ಗು ಇಳಿಯಿತು. ಮೇಲಿನ ಬೀದಿಯ ಡಬ್ಬಿಗಳಲ್ಲಿ ಕಾನ್ಸೆಪ್ಟಾಳ ಒಂದುಗಳು ಇರಬೇಕಾದಷ್ಟು ಇರಲಿಲ್ಲ. ಅವಳ ಎರಡುಗಳು ಎಲ್ಲೆಲ್ಲೂ ಇದ್ದವು. ಎಲ್ಲ ಪಕ್ಷದವರ ಹೆಸರಿನ ಬೆನ್ನಿಗೂ ಅವಳ ಎರಡು. ಹೊಸ ಮನೆಗಳವರು ಅರ್ಧಕ್ಕರ್ಧ ಓಟಿಗೇ ಬಂದಿರಲಿಲ್ಲ. ಎದುರು ಪಕ್ಷದ ಮುದುಕನೊಬ್ಬ, ಮೂವತ್ತು ವರ್ಷದಿಂದ ನನ್ನ ಪಕ್ಕದಲ್ಲೇ ಕಂಬಿಗೆ ಒರಗುವವನು, ನನ್ನ ಕಾಗದದೊಳಗೆ ಇಣುಕಿದ.

"ಭೇಷ್ ಡಿನ್ನಿ! ಏನು ಗೆರೆ ಎಳೆದಿದೀಯೋ! ಎರಡೂ ಕಡೆ ಸಮಸಮ."

"ಸಮ ಬರ್ಲಿ ಅಂತಾನೇ ಎಳೆದಿದ್ದು."

"ಹೂಂ, ಸಮ ಬಂದಿದೆ. ಇಬ್ರಿಗೂ ಸಾಲ್ದು, ಅಷ್ಟೆ."

ಉಳಿದ ಸ್ಯಾಂಡ್‌ವಿಚ್ ಮತ್ತೆ ಕಾಗದದಲ್ಲಿ ಸುತ್ತಿಟ್ಟೆ.

ಎಣಿಕೆ ಶನಿವಾರಕ್ಕೂ ಮುಂದುವರಿಯಿತು. ಒಬ್ಬೊಬ್ಬರನ್ನೇ ಕೈಬಿಡುತ್ತ, ಅವರ ಚೀಟಿ ದಾಟಿಸುತ್ತ ಬಂದರು. ಎಂಟು ಸುತ್ತು ಮುಗಿಯುವಾಗ ಕಣದಲ್ಲಿ ಉಳಿದವರ ಪೈಕಿ ಎಲ್ಲರಿಗಿಂತ ಕೆಳಗಿದ್ದವರು ನಮ್ಮವರಿಬ್ಬರೇ. ಒಬ್ಬರನ್ನು ಕೈಬಿಡಬೇಕು. ಯಾರು ಉಳಿಯುತ್ತಾರೋ ಅವರಿಗೆ ಇನ್ನೊಬ್ಬರ ಓಟು ದಾಟಿ ಅವರು ಗೆಲ್ಲುತ್ತಾರೆ. ಅಷ್ಟು ಸ್ಪಷ್ಟವಿತ್ತು. ಕಾನ್ಸೆಪ್ಟಾ ನನ್ನ ಪಕ್ಕ ನಿಂತಿದ್ದಳು, ತಾನೇ ಹೆಣೆದ ನೀಲಿ ಕಾರ್ಡಿಗನ್ ತೊಟ್ಟು. ಅವಳ ಕೈಚೀಲದ ಹಿಡಿ ಕಿರ್‌ಗುಡುತ್ತಿತ್ತು, ಅಷ್ಟು ಬಿಗಿಯಾಗಿ ಹಿಡಿದಿದ್ದಳು.

ಅಧಿಕಾರಿ ಮೈಕಿನಲ್ಲಿ ಓದಿದರು. ಟೂಮಿ, ಕೋಲ್ಮನ್: ಸಾವಿರದ ಹನ್ನೆರಡು. ಹೆನೆಬರಿ, ಕಾನ್ಸೆಪ್ಟಾ: ಸಾವಿರದ ಒಂಬತ್ತು.

ಮೂರು.

ಮರುಎಣಿಕೆ ಕೇಳಿದೆವು. ಕೋಲ್ಮನ್ ತಾನೇ ಮೊದಲು ಹೋಗಿ ಕೇಳಿದ, ಅವನ ಮುಖ ಸುಣ್ಣದ ಹಾಗಿತ್ತು. ಎರಡು ಗಂಟೆ ಹಿಡಿದು ಮತ್ತೆ ಎಣಿಸಿದರು. ಮೂರು ಮೂರಾಗಿಯೇ ಉಳಿಯಿತು. ಅವಳನ್ನು ಕೈಬಿಟ್ಟರು. ಅವಳ ಸಾವಿರದ ಒಂಬತ್ತು ಚೀಟಿಗಳನ್ನು ಕಟ್ಟುಕಟ್ಟಾಗಿ ಎತ್ತಿ ಕೋಲ್ಮನ್‌ನ ಗೂಡಿಗೆ ಹಾಕುವುದನ್ನು ನಾವೆಲ್ಲ ನಿಂತು ನೋಡಿದೆವು. ಅವನು ಕೋಟಾ ದಾಟಿ ಗೆದ್ದ.

ಆಗ ನನ್ನ ತಲೆಯಲ್ಲಿ ಆ ಲೆಕ್ಕ ತಾನಾಗಿ ನಡೆದುಬಿಟ್ಟಿತು. ನಾನು ಕರೆದದ್ದಲ್ಲ. ಒಂದು ಓಟು ಕೋಲ್ಮನ್‌ನಿಂದ ತೆಗೆದು ಅವಳಿಗೆ ಹಾಕಿದರೆ ಸಾವಿರದ ಹನ್ನೊಂದು, ಸಾವಿರದ ಹತ್ತು. ಆಗಲೂ ಸೋಲು, ಒಂದರಿಂದ. ಎರಡು ಓಟು ಆಚೀಚೆ ಮಾಡಿದರೆ ಅವನಿಗೆ ಸಾವಿರದ ಹತ್ತು, ಅವಳಿಗೆ ಸಾವಿರದ ಹನ್ನೊಂದು. ಎರಡೇ ಎರಡು. ಅವಳದು ಮತ್ತು ನನ್ನದು.

ಹಾಲಿನ ಬಾಗಿಲಲ್ಲಿ ಗುಡ್ಡದವರು ಅವಳನ್ನು ಸುತ್ತಿಕೊಂಡರು. ಒಬ್ಬೊಬ್ಬರೂ ಕೈ ಹಿಡಿದು ಅದೇ ಮಾತು ಹೇಳಿದರು.

"ನಿನಗೆ ಎರಡು ಹಾಕಿದ್ದೆ ಕಾನ್ಸೆಪ್ಟಾ. ನೀನು ಗೆದ್ದ ಹಾಗೇ ಅಂದ್ರಲ್ಲ!"

"ನಂದೂ ಎರಡು ನಿನಗೇ ಕಣೇ. ಹಿಂಗಾಗುತ್ತೆ ಅಂತ ಗೊತ್ತಿದ್ರೆ..."

ಪ್ರತಿಯೊಬ್ಬರಿಗೂ ಅವಳು "ಥ್ಯಾಂಕ್ಸ್ ಕಣಮ್ಮ, ಥ್ಯಾಂಕ್ಸ್ ಕಣಪ್ಪ" ಎಂದಳು. ಕೋಲ್ಮನ್ ಬಂದು ನಿಂತಾಗ ಅವನ ಟೈ ಸರಿಮಾಡಿ, "ಸೋಮವಾರ ಇಂಜಿನಿಯರ್ ರಜೆ ಹೋಗೋಕ್ ಮುಂಚೆ ಕಂಬಿ ಫೈಲ್ ಹಿಡ್ಕೋ. ಮರೀಬೇಡ," ಎಂದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆ ವಾರ ನಾನು ಮನೆ ಬಿಟ್ಟು ಹೊರಡಲಿಲ್ಲ. ಊಟ ಸೇರಲಿಲ್ಲ. ಬುಧವಾರ ನೋನಿಗೆ ಎಲ್ಲ ಹೇಳಿದೆ, ನನ್ನ ಚೀಟಿ, ಅಡ್ಡಗೀಟಿನ ಏಳು, ಎರಡರ ಲೆಕ್ಕ. ಅವಳು ಸಿಟ್ಟಾಗುತ್ತಾಳೆಂದು ಕಾದೆ. ಅವಳು ಕೈಯಲ್ಲಿದ್ದ ಆಲೂಗೆಡ್ಡೆ ಸುಲಿದು ಮುಗಿಸಿದಳು.

"ಹೋಗಿ ಹೇಳ್ಬಿಡು," ಎಂದಳು ಕೊನೆಗೆ. "ನಾನೂ ಬರ್ತೀನಿ."

ಶನಿವಾರ ಹನ್ನೊಂದಕ್ಕೆ ಹೋದೆವು. ಅಂಗಡಿಯಲ್ಲಿ ನಾಲ್ಕು ಕುರ್ಚಿ ಸಾಲಾಗಿದ್ದವು. ಯಾರೂ ಇರಲಿಲ್ಲ. ನಾವು ನೋಡುತ್ತಿರುವುದನ್ನು ಕಂಡು ಅವಳಿಗೆ ನಾಚಿಕೆಯಾಯಿತು.

"ಎದ್ದ ಕೂಡ್ಲೇ ಕೈ ತಾನಾಗಿ ಹಾಕ್ಬಿಡ್ತು ಕಣ್ರೋ. ಬನ್ನಿ, ಕೂತ್ಕೊಳ್ಳಿ. ಇವತ್ತು ನೀವೇ ನನ್ನ ಜನ."

ಒಳಗಿನಿಂದ ಚಹಾ ತಂದಳು, ಒಣದ್ರಾಕ್ಷಿಯ ಬ್ರ್ಯಾಕ್ ಬ್ರೆಡ್ಡು ಕೊಯ್ದು ಬೆಣ್ಣೆ ಸವರಿ ತಂದಳು. ಮಾತಿಗೆ ಮುಂಚೆಯೇ ಸೂಜಿ, ಉಣ್ಣೆ ಕೈಗೆ ಬಂದವು. ನಾನು ದಾರಿಯುದ್ದಕ್ಕೂ ಒಂದೇ ವಾಕ್ಯ ಕಟ್ಟಿಕೊಂಡು ಬಂದಿದ್ದೆ: ಕಾನ್ಸೆಪ್ಟಾ, ನಾನು ನಿನಗೆ ಒಂದು ಹಾಕಲಿಲ್ಲ. ಬಾಯಿ ತೆರೆದೆ.

"ತಡಿ ಡಿನ್ನಿ," ಎಂದಳು. "ಮೊದಲು ನಾನು ಒಂದು ಹೇಳ್ತೀನಿ. ನಗಬಾರ್ದು. ನಾನು ಕೋಲ್ಮನ್‌ಗೆ ಒಂದು ಹಾಕ್ದೆ."

ಗೊತ್ತಿದ್ದ ಸಂಗತಿಯೇ. ಅವಳ ಬಾಯಲ್ಲಿ ಕೇಳಿದಾಗ ಬಟ್ಟಲು ಕೆಳಗಿಟ್ಟೆ.

"ಅಂಗಡಿ ಗೆರೆಯಿಂದ ಕೆಳಗಿತ್ತಲ್ಲ. ಊರಿಗೆಲ್ಲ ಹೇಳಿ ನಾನೇ ಮೀರಿದ್ರೆ ನಾಳೆ ಮುಖ ಹೇಗೆ ತೋರ್ಸೋದು ಅನ್ನಿಸ್ತು. ಪೆನ್ಸಿಲ್ ಹಿಡ್ಕೊಂಡು ತುಂಬಾ ಹೊತ್ತು ನಿಂತಿದ್ದೆ, ಅಲ್ಲಿನ ಹುಡುಗಿ 'ಏನಾದ್ರೂ ತೊಂದ್ರೆನಾ ಮಿಸೆಸ್' ಅಂದ್ಲು. ಆಮೇಲೆ ಅಂದ್ಕೊಂಡೆ, ಡಿನ್ನಿ ಇದಾನಲ್ಲ. ಅವನು ಬಾಯಲ್ಲಿ ಏನೇ ಹೇಳ್ಲಿ, ಚೀಟಿ ಮುಂದೆ ನಿಂತಾಗ ಅವನ ಕೈ ನನ್ನ ಹೆಸರು ಬಿಟ್ಟು ಬೇರೆ ಕಡೆ ಹೋಗಲ್ಲ. ನನ್ನ ಒಂದು ಆ ಕಡೆ ಹೋದ್ರೆ ಅವನ ಒಂದು ಈ ಕಡೆ ಇರುತ್ತೆ, ಸರಿಹೋಯ್ತು ಅಂತ ಧೈರ್ಯವಾಗಿ ಬರೆದ್ಬಿಟ್ಟೆ."

ನೋನಿಯ ಚಮಚ ಬಟ್ಟಲಿನಲ್ಲಿ ನಿಂತಿತು.

"ಮೊದ್ಲೆರಡು ದಿನ ನನ್ನನ್ನೇ ಶಪಿಸ್ಕೊಂಡೆ," ಎಂದಳು ಕಾನ್ಸೆಪ್ಟಾ, ಹೆಣಿಗೆಯ ಕುಣಿಕೆ ಎಣಿಸುತ್ತ. "ನನ್ನ ಕುತ್ತಿಗೆ ನಾನೇ ಕೊಯ್ಕೊಂಡ್ನಲ್ಲ ಅಂತ. ಆಮೇಲೆ ಕೂತು ಲೆಕ್ಕ ಹಾಕ್ದೆ. ನಾನು ನನಗೇ ಹಾಕ್ಕೊಂಡಿದ್ರೂ ಒಂದರಲ್ಲಿ ಸೋಲ್ತಿದ್ದೆ. ಅಲ್ವಾ? ನೀನೇ ಹೇಳು, ಲೆಕ್ಕದೋನು."

"ಹೌದು," ಎಂದೆ. "ಒಂದರಲ್ಲಿ ಸೋಲ್ತಿದ್ದೆ."

"ಅದೇ ನೋಡು. ಅಂದ್ರೆ ನನ್ನ ಓಟಿಂದ ಆಗಿದ್ದಲ್ಲ. ಅದು ಗೊತ್ತಾದ್ಮೇಲೆ ನಿದ್ದೆ ಬಂತು." ಸೂಜಿ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ನೀನು ನನಗೇ ಹಾಕಿದ್ದೆ ತಾನೇ?"

ನಿಜ ಹೇಳಿದರೆ ನನ್ನ ಹೊಟ್ಟೆಯೊಳಗಿನ ಕಲ್ಲು ಇಳಿಯುತ್ತಿತ್ತು, ಆದರೆ ಅದು ಅವಳ ಹೊಟ್ಟೆಗೆ ಹೋಗುತ್ತಿತ್ತು. ನಮ್ಮಿಬ್ಬರ ಓಟು ಸೇರಿದ್ದರೆ ನೀನು ಗೆಲ್ಲುತ್ತಿದ್ದೆ, ನಿನ್ನದೂ ಬೇಕಿತ್ತು ಎಂದು ಹೇಳಿದಂತೆಯೇ ಆಗುತ್ತಿತ್ತು. ಇಷ್ಟನ್ನೆಲ್ಲ ಆಗಲೇ ಯೋಚಿಸಿದೆ ಎಂದು ಹೇಳಿಕೊಂಡರೆ ಅದೂ ಜಂಬವೇ. ಹೆದರಿಕೆಯೂ ಇತ್ತು.

"ಹೂಂ," ಎಂದೆ.

"ನನಗೆ ಗೊತ್ತಿತ್ತು," ಎಂದಳು. ತಟ್ಟೆಯಲ್ಲಿದ್ದ ಬ್ರ್ಯಾಕ್ ಚೂರುಗಳಲ್ಲಿ ದೊಡ್ಡದನ್ನು ಆರಿಸಿ ನನ್ನ ಮುಂದಿಟ್ಟಳು. ಅದನ್ನು ಪೂರ್ತಿ ತಿಂದೆ.

ವಾಪಸು ಬರುವಾಗ ನೋನಿ ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿದಳು.

"ಇನ್ನು ಬದಲಾಯಿಸ್ಬೇಡ," ಎಂದಳು. "ಯಾವತ್ತು ಕೇಳಿದ್ರೂ ಹೂಂ ಅನ್ನು. ಅಷ್ಟಾದ್ರೂ ಮಾಡು."

ಕಾನ್ಸೆಪ್ಟಾ ಮತ್ತೆ ಕೇಳಲಿಲ್ಲ. ಮತ್ತೆ ಚುನಾವಣೆಗೂ ನಿಲ್ಲಲಿಲ್ಲ. ಚಳಿಗಾಲಕ್ಕೆ ಮುಂಚೆ ಮೆಟ್ಟಿಲಬೀದಿಗೆ ಕಂಬಿ ಬಂತು, ಕೋಲ್ಮನ್ ಹಾಕಿಸಿದ. ಶನಿವಾರದ ಜನ ಅವನ ಕಚೇರಿಗೆ ಹೋಗತೊಡಗಿದರು. ಅವಳು ನಾಲ್ಕು ಕುರ್ಚಿಗಳಲ್ಲಿ ಎರಡನ್ನು ಅಂಗಡಿಯ ಹಿಂಭಾಗಕ್ಕೆ ಸಾಗಿಸಿದಳು, ಆಮೇಲೆ ಉಳಿದೆರಡನ್ನೂ. ಮೂರನೆಯ ವರ್ಷ ಅಂಗಡಿ ಮುಚ್ಚಿದಳು. ಬೆಳಿಗ್ಗೆ ಏಳುವುದು ಮತ್ತೆ ತಡವಾಗತೊಡಗಿತು ಎಂದು ನೋನಿ ಹೇಳುತ್ತಿದ್ದಳು.

ಆದರೆ ಒಂದು ಮಾತು ಮಾತ್ರ ಅವಳು ಬಿಡಲಿಲ್ಲ. ಮದುವೆಮನೆಯಲ್ಲಿ, ಬಿಂಗೋ ಆಟದಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಯಾರಾದರೂ ಆ ಚುನಾವಣೆಯ ಮಾತೆತ್ತಿ ನನ್ನನ್ನು ಚುಚ್ಚಿದರೆ ಸಾಕು, ನಡುವೆ ಬಾಯಿ ಹಾಕುತ್ತಿದ್ದಳು: "ಅವನಿಗೆ ಏನೂ ಅನ್ಬೇಡಿ. ಗೆರೆ ಎಳೆದೋನು ಡಿನ್ನಿ, ನಿಜ. ಆದ್ರೆ ತನ್ನ ಗೆರೆ ತಾನೇ ದಾಟಿ ನನಗೆ ಓಟು ಹಾಕಿದೋನೂ ಡಿನ್ನೀನೇ."

ಹೋದ ಫೆಬ್ರವರಿಯಲ್ಲಿ ಅವಳನ್ನು ಮಣ್ಣು ಮಾಡಿದೆವು. ಚರ್ಚು ತುಂಬಿತ್ತು. ಒಸರುವ ಗೋಡೆಯವರು, ಬೀದಿದೀಪದವರು, ಎರಡು ಹಾಕಿದವರೆಲ್ಲ ಬಂದಿದ್ದರು. ಪಾದ್ರಿಯವರು ಹೊಸಬರು, ಅವಳನ್ನು ಬಲ್ಲವರಿಂದ ಕೇಳಿ ಬರೆದುಕೊಂಡಿದ್ದನ್ನು ಓದಿದರು. ಅವಳ ಸ್ನೇಹ ಎಂಥದ್ದು ಎಂದು ಹೇಳುತ್ತ ಕೊನೆಗೆ ಆ ಮಾತನ್ನೇ ಓದಿದರು, ಗೆರೆಯ ಮಾತನ್ನು. ಇಡೀ ಚರ್ಚು ತಿರುಗಿ ನನ್ನನ್ನು ನೋಡಿ ಮೆಲ್ಲಗೆ ನಕ್ಕಿತು. ಪಕ್ಕದಲ್ಲಿದ್ದ ನೋನಿ ನನ್ನ ಮೊಣಕಾಲ ಮೇಲೆ ಕೈ ಇಟ್ಟಳು. ನಾನು ತಲೆ ತಗ್ಗಿಸಿದೆ. ಜನ ಅದನ್ನು ವಿನಯ ಎಂದುಕೊಂಡರು.